ತಾರಸಿಯ ಬಿಸಿಲು, ತಲೆ ಮೇಲಿನ ಸಾಲ

ಬೆಳಿಗ್ಗೆ ತಾರಸಿಯಲ್ಲಿ ಸೋಲಾರ್ ಪ್ಯಾನೆಲ್ ಒರೆಸುತ್ತಿದ್ದೆ. ಒದ್ದೆ ಬಟ್ಟೆ ಒಂದೇ ಸಲಕ್ಕೆ ಕಪ್ಪಾಯಿತು. ಯಾಕೋ ಅಮೆರಿಕದಲ್ಲಿ ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುತ್ತಿದ್ದ ಸೋಲಾರ್‌ಸಿಟಿ ಕಂಪನಿಯ ಲಿಂಡನ್ ರೈವ್ ನೆನಪಾದರು. ಇಲಾನ್ ಮಸ್ಕ್ ಅವರ ತಾಯಿಯೂ ಇವರ ತಾಯಿಯೂ ಅವಳಿ ಅಕ್ಕತಂಗಿಯರು. 2006ರಲ್ಲಿ ಸಹೋದರ ಪೀಟರ್ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಈ ಕಂಪನಿ ಕಟ್ಟಿದರು. ಮನೆಯವರು ಮೊದಲಿಗೆ ದುಡ್ಡು ಕೊಡುವುದು ಬೇಡ, 20 ವರ್ಷ ತಿಂಗಳು ತಿಂಗಳು ಕಟ್ಟಿದರೆ ಸಾಕು. ಜನ ಮುಗಿಬಿದ್ದರು. ಆದರೆ ಪ್ಯಾನೆಲ್ಲು, ಕೂಲಿ ಎಲ್ಲದಕ್ಕೂ ಕಂಪನಿ ಇವತ್ತೇ ದುಡ್ಡು ಹಾಕಬೇಕು. ವಾಪಸ್ ಬರುವುದು ಚೂರು ಚೂರಾಗಿ. ಮನೆ ಹೆಚ್ಚಿದಷ್ಟೂ ಸಾಲ ಜಾಸ್ತಿ. 2016ರಲ್ಲಿ ಕಂಪನಿ ಮಸ್ಕ್ ಅವರ ಟೆಸ್ಲಾ ಪಾಲಾಯಿತು. ಮರುವರ್ಷ ಅಣ್ಣತಮ್ಮ ಇಬ್ಬರೂ ಹೊರನಡೆದರು. ನನಗಂತೂ ನಿಜಕ್ಕೂ ಬೇಜಾರಾಗುತ್ತದೆ. ಅವರು ಹಾಕಿಸಿದ ಎಷ್ಟೋ ಪ್ಯಾನೆಲ್‌ಗಳು ಅಲ್ಲಿ ಇವತ್ತೂ ಬಿಸಿಲು ಕುಡಿಯುತ್ತಿರಬೇಕು, ಅಲ್ವಾ?