ಮದುವೆಯ ಫೋಟೋದಲ್ಲಿ ಸಹಜವಾಗಿ ಕಾಣುವುದು ಹೇಗೆ?

"ಕ್ಯಾಮೆರಾ ಕಂಡೊಡನೆ ನಮ್ಮ ಮುಖ ಬಿಗಿಯುತ್ತದೆ, ಮದುವೆಯ ದಿನ ಏನು ಮಾಡುವುದು?" ಫೋಟೋ ತೆಗೆಸಲು ನನ್ನಲ್ಲಿಗೆ ಬರುವ ಬಹುತೇಕ ಜೋಡಿಗಳು ಈ ಪ್ರಶ್ನೆಯನ್ನು ಕೇಳುತ್ತಾರೆ ಮತ್ತು ಅದು ತಮ್ಮದೇ ಕೊರತೆಯೆಂದು ನಂಬಿರುತ್ತಾರೆ. ನಾನು ಕಂಡಂತೆ ಆ ಬಿಗಿತಕ್ಕೆ ಕಾರಣ ಹಸಿವು, ನಿದ್ದೆಗೇಡು ಮತ್ತು ಕೈಗೆ ಕೆಲಸವಿಲ್ಲದಿರುವುದು.

ಹಲವು ಮನೆಗಳಲ್ಲಿ ಧಾರೆ ಮುಗಿಯುವವರೆಗೆ ವಧೂವರರು ಊಟ ಮಾಡುವುದಿಲ್ಲ. ಹಾಲು, ಬಾಳೆಹಣ್ಣು ತೆಗೆದುಕೊಳ್ಳಬಹುದೇ ಎಂದು ಹಿಂದಿನ ದಿನವೇ ಹಿರಿಯರನ್ನು ಕೇಳಿಟ್ಟುಕೊಳ್ಳಿ.

ಕೈಗೆ ಕೆಲಸ ಕೊಡುವುದಕ್ಕೆ ನಮ್ಮ ಶಾಸ್ತ್ರಗಳಿಗಿಂತ ಉತ್ತಮವಾದ ಉಪಾಯ ನನಗೆ ಗೊತ್ತಿಲ್ಲ. ಅಂತರಪಟದ ಆಚೀಚೆ ನಿಂತವರ ಮುಷ್ಟಿಯಲ್ಲಿ ಜೀರಿಗೆ-ಬೆಲ್ಲವಿರುತ್ತದೆ. ಪಟ ಸರಿದೊಡನೆ ಅದನ್ನು ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಇಡಬೇಕು, ಯಾರು ಮೊದಲು ಎಂದು ಸುತ್ತಲಿನವರು ಹುರಿದುಂಬಿಸುತ್ತಾರೆ, ಗಟ್ಟಿಮೇಳ ಏರುತ್ತದೆ, ಅಕ್ಷತೆ ಬೀಳುತ್ತದೆ, ಮತ್ತು ಆ ಗಳಿಗೆಯಲ್ಲಿ ಕ್ಯಾಮೆರಾದ ನೆನಪು ಇಬ್ಬರಿಗೂ ಇರುವುದಿಲ್ಲ. ಆಗ "ಇತ್ತ ನೋಡಿ" ಎಂದು ಕೂಗುವುದನ್ನು, ಅದಕ್ಕಿಂತ ಹೆಚ್ಚಾಗಿ ಮಾಂಗಲ್ಯಧಾರಣೆಯನ್ನು ಫೋಟೋಗಾಗಿ ತಡೆದು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ನಾನು ಬೆಳಿಗ್ಗೆಯೇ ಪುರೋಹಿತರನ್ನು ಕಂಡು, ಯಾವ ಶಾಸ್ತ್ರದಲ್ಲಿ ಯಾರು ಎಲ್ಲಿ ಕೂರುತ್ತಾರೆಂದು ಕೇಳಿ, ಯಾರಿಗೂ ಅಡ್ಡವಾಗದ ಜಾಗವನ್ನು ಗುರುತಿಸಿಕೊಳ್ಳುತ್ತೇನೆ. 85 ಎಂಎಂ ಲೆನ್ಸ್ ಇದ್ದರೆ ಮಂಟಪಕ್ಕೆ ನುಗ್ಗದೆಯೇ ಮುಖದ ಭಾವ ಸಿಗುತ್ತದೆ. ವೀಡಿಯೊದವರು ನೇರವಾಗಿ ಕಣ್ಣಿಗೆ ಬೀಳುವಂತೆ ದೀಪ ಹಿಡಿಯದಿರುವಂತೆ ಮೊದಲೇ ಮಾತನಾಡಿಕೊಳ್ಳುವುದೂ ಅಗತ್ಯ, ಏಕೆಂದರೆ ಕಣ್ಣು ಕಿರಿದಾದರೆ ನಗುವೂ ಸಪ್ಪೆಯಾಗುತ್ತದೆ.

ನಿಜವಾದ ಕಷ್ಟ ಆರತಕ್ಷತೆಯದು. ಗಂಟೆಗಟ್ಟಲೆ ನಿಂತು, ಪ್ರತಿಯೊಂದು ಬಳಗದೊಡನೆಯೂ ಅದೇ ನಗುವನ್ನು ನಗಬೇಕಾದ ಜೋಡಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ವೇದಿಕೆ ಏರುವ ಮೊದಲು, ಸೂರ್ಯ ಮುಳುಗುವ ಹೊತ್ತಿಗೆ, ಬಂಧುಗಳಿಲ್ಲದ ಇಪ್ಪತ್ತು ನಿಮಿಷ ನನಗೆ ಕೊಡಿ. ಆಗ ನಾನು ಭಂಗಿ ಹೇಳಿಕೊಡುವುದಿಲ್ಲ. ಛತ್ರದ ಹಿಂದಿನ ಅಂಗಳದಲ್ಲಿ ನಡೆದಾಡಿ, ಮಧ್ಯಾಹ್ನದ ಗದ್ದಲದ ಬಗ್ಗೆ ಮಾತನಾಡಿಕೊಳ್ಳಿ ಎನ್ನುತ್ತೇನೆ. ಮೊದಲ ಐದು ನಿಮಿಷದ ಚಿತ್ರಗಳು ಬಿಗಿಯಾಗಿಯೇ ಇರುತ್ತವೆ, ಅವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಾರಿದ ಮಲ್ಲಿಗೆಯನ್ನು ಅವನು ಸರಿಪಡಿಸುವಾಗ, ಅವನ ಶಲ್ಯವನ್ನು ಅವಳು ಹೆಗಲಿಗೆ ಏರಿಸುವಾಗ ಒಳ್ಳೆಯ ಚಿತ್ರ ತಾನಾಗಿ ಬರುತ್ತದೆ. ವೇದಿಕೆಯ ಮೇಲೆ ಅರ್ಧ ಗಂಟೆಗೊಮ್ಮೆ ಸಾಲನ್ನು ತಡೆದು ಇಬ್ಬರಿಗೂ ನೀರು ಕೊಡುವ ಕೆಲಸವನ್ನು ಒಬ್ಬ ಗೆಳತಿಗೆ ವಹಿಸಿ.

ಭೂಮದ ಊಟ ಇರುವ ಮದುವೆಯಾದರೆ ಅದಕ್ಕೆ ಆತುರಪಡಿಸಬೇಡಿ. ಬೆಳಗಿನಿಂದ ಹಸಿದವರು ಎಲೆಯ ಮುಂದೆ ಕುಳಿತು ಒಬ್ಬರಿಗೊಬ್ಬರು ಮೊದಲ ತುತ್ತು ತಿನ್ನಿಸುವಾಗ ನಾನು ನನ್ನ ಫ್ಲ್ಯಾಷ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ಎದುರು ಸಾಲಿನ ನೆಲದ ಮೇಲೆ ಕುಳಿತಿರುತ್ತೇನೆ.