ಹಿಂಡಿಗೆ ಕಾದೆವು, ಕುರಿ ಹುಲ್ಲು ತಿಂದಿತ್ತು

ಕುರಿ ರಕ್ತದಲ್ಲಿ ಗ್ರೆಲಿನ್ ಅಳೆಯುವ ಪ್ಲೇಟ್ ಓದಿ ಮುಗಿದಾಗ ಗ್ರಾಫ್ ತಲೆಕೆಳಗಾಗಿತ್ತು. ಹೊತ್ತಿಗೆ ಸರಿಯಾಗಿ ಮೇವು ಹಾಕಿ ರೂಢಿಯಾದ ಕುರಿಯಲ್ಲಿ ಈ ಹಸಿವಿನ ಹಾರ್ಮೋನ್ ಮೇವು ಬರುವ ಮುಂಚೆಯೇ ಏರಿ, ತಿಂದ ಮೇಲೆ ಇಳಿಯಬೇಕು. ಇಲ್ಲಿ 7:30ಕ್ಕೇ ಎತ್ತರ, 8ಕ್ಕೆ ಇಳಿಕೆ, ಹಿಂಡಿ ಹಾಕುವ ಹೊತ್ತಿನ, ಅಂದರೆ 8:30ರ ‘ಸೊನ್ನೆ’ ಸ್ಯಾಂಪಲ್ ನೆಲ ಕಚ್ಚಿತ್ತು. ಹಿಂಡಿ ಹಾಕಿದ ಮೇಲೆ ರೇಖೆ ಮಿಸುಕಲೇ ಇಲ್ಲ.

ಆರು ಬನ್ನೂರು ಟಗರು, ತಲಾ ಏಳು ಸ್ಯಾಂಪಲ್, ಎರಡೆರಡು ವೆಲ್: ಪ್ಲೇಟಿನ 96 ಗುಳಿಗಳಲ್ಲಿ 84. ಉಳಿದ 12 ಸ್ಟ್ಯಾಂಡರ್ಡ್‌ಗೆ, ಅಂದರೆ ಪ್ರಮಾಣ ಗೊತ್ತಿರುವ ಗ್ರೆಲಿನ್‌ಗೆ. ಕಂಟ್ರೋಲ್‌ಗೆ ಜಾಗವೇ ಇಲ್ಲ, ಏಕೆಂದರೆ ಎರಡನೇ ಕಿಟ್‌ನ ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಆರು ಮೇಜು ದಾಟಬೇಕು.

ಮೊದಲ ಅನುಮಾನ ರಕ್ತ ಹಿಡಿದ ಕ್ರಮದ ಮೇಲೆ. ಗ್ರೆಲಿನ್‌ನ ಮೂರನೇ ಅಮೈನೋ ಆಮ್ಲವಾದ ಸೆರೀನ್‌ಗೆ ಆಕ್ಟನೋಯಿಲ್ ಎಂಬ ಕೊಬ್ಬಿನಾಮ್ಲದ ಗುಂಪು ಅಂಟಿಕೊಂಡಿರುತ್ತದೆ. ಅದು ಕಳಚಿದರೆ, ಆ ಗುಂಪಿರುವ ಗ್ರೆಲಿನ್ ಮಾತ್ರ ಅಳೆಯುವ ‘ಆಕ್ಟಿವ್’ ಕಿಟ್‌ನ ಆಂಟಿಬಾಡಿ ಹಿಡಿಯುವುದಿಲ್ಲ. ಹಾಗಾಗಿ ಕತ್ತಿನ ಜುಗುಲಾರ್ ರಕ್ತನಾಳದಿಂದ ತೆಗೆದ ರಕ್ತ ನೇರ ತಣ್ಣಗಿನ ಟ್ಯೂಬಿಗೆ: ಪ್ರತಿ ಮಿಲಿಗೆ ರಕ್ತ ಹೆಪ್ಪುಗಟ್ಟದಂತೆ 1 ಮಿಗ್ರಾಂ ಇಡಿಟಿಎ, ಪ್ರೋಟೀನ್ ಒಡೆಯದಂತೆ 500 ಕೆಐಯು (ಅದರ ಅಳತೆಯ ಯೂನಿಟ್) ಅಪ್ರೊಟಿನಿನ್. ಟ್ಯೂಬ್ ಐಸ್‌ನಲ್ಲಿ ಹೂತಿರಬೇಕು, ಐಸ್ ಮೇಲೆ ಒರಗಿದ್ದರೆ ಸಾಲದು. 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರೆಯಾದ ಕೂಡಲೇ ಅದರ ಹತ್ತನೇ ಒಂದು ಭಾಗದಷ್ಟು 1 ನಾರ್ಮಲ್ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಮ್ಲ) ಸೇರಿಸಿ, ಸಣ್ಣ ಪಾಲುಗಳಾಗಿ ಹಂಚಿ −80 ಡಿಗ್ರಿ ಫ್ರೀಜರ್‌ಗೆ. ಎಲ್ಲವೂ ಕ್ರಮವಾಗಿಯೇ ಆಗಿತ್ತು.

ಎರಡನೇ ಅನುಮಾನ ಕಿಟ್. ಮೆಲುಕು ಹಾಕುವ ಪ್ರಾಣಿಗಳ ಗ್ರೆಲಿನ್‌ನಲ್ಲಿ 27 ಅಮೈನೋ ಆಮ್ಲ, ಮನುಷ್ಯ, ಇಲಿಗಳದ್ದರಲ್ಲಿ 28. ಆದರೂ ಮೊದಲ ಹತ್ತು ಒಂದೇ, ಆ ತುದಿ ಹಿಡಿಯುವ ಆಂಟಿಬಾಡಿಗೆ ಕುರಿ ಹೊಸದಲ್ಲ. ಕುರಿಯ ಪ್ಲಾಸ್ಮಾವನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳು ಮಾಡಿ ರೇಖೆ ಸ್ಟ್ಯಾಂಡರ್ಡ್‌ಗೆ ಸಮಾಂತರವಾಗಿ ಹೋಗುತ್ತದೆಯೇ ಎಂದು ನೋಡುವುದೇ ಸರಿಯಾದ ಪರೀಕ್ಷೆ. ಅದಕ್ಕೆ ನಾಲ್ಕಾರು ವೆಲ್ ಸಾಕಿತ್ತು. ಬದಲು, ಇನ್ನೊಂದು ಕೆಲಸಕ್ಕೆಂದು ಎತ್ತಿಟ್ಟಿದ್ದ ಪೂರ್ತಿ ಪ್ಲೇಟನ್ನೇ ಉಳಿದ ಪಾಲುಗಳ ಮೇಲೆ ಸುರಿದದ್ದು ನಮ್ಮ ಜಾಣತನ. ರೀಡರ್ ಒಂದೊಂದೇ ಸಾಲು ಓದುತ್ತಿದ್ದಾಗ ಯಾರೂ ಮಾತಾಡಲಿಲ್ಲ. ಅದೇ ಗ್ರಾಫ್ ಮತ್ತೆ ಬಂತು.

ದೊಡ್ಡಿಗೆ ಹೋದ ಮೇಲೆ ಗೊತ್ತಾಯಿತು. ಬಯೋಮೆಟ್ರಿಕ್ ಹಾಜರಾತಿ ಬಂದ ಮೇಲೆ ಮೇವು ಹಾಕುವವನ ಪಾಳಿ ಮುಂಚಿತವಾಗಿ, 7:50ಕ್ಕೆ ಗೋದಲಿಗೆ ರಾಗಿ ಹುಲ್ಲು ಬೀಳುತ್ತಿತ್ತು. ರಿಜಿಸ್ಟರ್‌ನಲ್ಲಿ ಮಾತ್ರ 8:30. ‘ಹಿಂಡಿ ಹಾಕ್ಬೇಡ ಅಂದ್ರಿ ಸಾರ್, ಹುಲ್ಲು ಹಾಕ್ಬೇಡ ಅನ್ಲಿಲ್ವಲ್ಲ,’ ಎಂದ ಅವನು. ಸರಿಯಾದ ಮಾತೇ. ಮೇವೆಂದರೆ ಹಿಂಡಿ ಎಂದು ಲೆಕ್ಕ ಹಾಕಿದ್ದು ನಾವು, ಕುರಿಯಲ್ಲ. ನಮ್ಮ ‘ಸೊನ್ನೆ’ ನಿಜಕ್ಕೂ ತಿನ್ನಲು ಶುರುಮಾಡಿದ 40ನೇ ನಿಮಿಷ.

ಆದ್ದರಿಂದ ಈಗ ಹಿಂದಿನ ಸಂಜೆಯೇ ಗೋದಲಿ ಗುಡಿಸಿ, ಒಳಗಿನ ಹಾಸು ಹುಲ್ಲನ್ನೂ ತೆಗೆಯಬೇಕು. ಹಸಿದ ಟಗರು ಅದನ್ನೂ ಬಿಡದು. ನೀರು ಇರಲಿ. ಕನಿಷ್ಠ ಎರಡು ವಾರ ಒಂದೇ ಹೊತ್ತಿಗೆ ಮೇವು, ಭಾನುವಾರವೂ. ಸದಾ ಮುಂದೆ ಮೇವಿರುವ ಕುರಿಯಲ್ಲಿ ಆ ಸ್ಪಷ್ಟ ಏರಿಕೆಯನ್ನೇ ಹುಡುಕಬೇಡಿ. ಮೊದಲ ತುತ್ತಿನ ಗಳಿಗೆ ಬರೆಯುವ ಕೆಲಸ ಒಬ್ಬರದ್ದೇ, ಅವರ ಕೈಗೆ ಸಿರಿಂಜ್ ಕೊಡಬಾರದು.

ಹೊಟ್ಟೆ ತುಂಬಿತೆಂದು ಹೇಳುವ ಕರುಳಿನ ಹಾರ್ಮೋನ್‌ಗಳಾದ ಸಿಸಿಕೆ, ಜಿಎಲ್‌ಪಿ-1 ಅಳೆಯುವವರಿಗೆ ಇನ್ನೂ ಒಂದು ತೊಡಕು. ರುಮೆನ್ (ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಚೀಲ) ಮೇವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಬಿಡುವುದರಿಂದ ಹಂದಿ, ನಾಯಿಯಲ್ಲಿ ಕಾಣುವಂತಹ ಚೂಪಾದ ಏರಿಕೆ ಇಲ್ಲಿ ಸಿಗುವುದು ಕಷ್ಟ. ಕೊಬ್ಬು ಸೇರಿಸಿದ ಪಡಿ ತಿಂದ ಹಸುಗಳಲ್ಲಿ ಇವೆರಡೂ ಏರುತ್ತವೆ, ಜೊತೆಗೆ ತಿನ್ನುವುದೂ ಕಡಿಮೆಯಾಗುತ್ತದೆ. ಬೈಪಾಸ್ ಫ್ಯಾಟ್ (ರುಮೆನ್‌ನಲ್ಲಿ ಕರಗದೆ ಮುಂದೆ ಸಾಗುವ ಕೊಬ್ಬು) ಹಾಕುತ್ತಿದ್ದರೆ ಪ್ರಮಾಣ ಬರೆದಿಡಿ. ಜಿಎಲ್‌ಪಿ-1ಕ್ಕೆ, ಅದನ್ನು ಒಡೆಯುವ ಡಿಪಿಪಿ-4 ಕಿಣ್ವವನ್ನು ತಡೆಗಟ್ಟುವ ದ್ರಾವಣ ರಕ್ತ ಬೀಳುವ ಮೊದಲೇ ಟ್ಯೂಬಿನಲ್ಲಿರಬೇಕು. ಇಲ್ಲದಿದ್ದರೆ ಟ್ಯೂಬಿನಲ್ಲೇ ಅದು ಒಡೆಯುತ್ತಾ ಹೋಗುತ್ತದೆ.

ರಿಜಿಸ್ಟರ್‌ನಲ್ಲಿ ಈಗ ಹುಲ್ಲಿಗೂ ಒಂದು ಕಾಲಂ ಬಂದಿದೆ. ಪ್ಲೇಟಿನ ಇಂಡೆಂಟ್ ಮಾತ್ರ ಮೂರನೇ ಮೇಜಿನಲ್ಲಿದೆ.