ಕಾಯ್‌ಬೊಟ್‌ನ ಹಣ್ಣಿನ ಅಂಗಡಿ: ನಕಲು ಕೆಲಸದ ಮೂರನೇ ವಾರ

ಫ್ರೆಂಚ್ ಚಿತ್ರಕಾರ ಗುಸ್ತಾವ್ ಕಾಯ್‌ಬೊಟ್ 1881–82ರ ಸುಮಾರಿಗೆ ಬರೆದ, ಈಗ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿರುವ ಹಣ್ಣಿನ ಅಂಗಡಿಯ ತೈಲಚಿತ್ರವನ್ನು ಅರ್ಥ ಮಾಡಿಕೊಳ್ಳಬೇಕೆಂದು, ಅದನ್ನು ಅರ್ಧ ಅಳತೆಯಲ್ಲಿ ನಕಲು ಮಾಡಲು ತೊಡಗಿ ಮೂರು ವಾರಗಳಾದವು. ಮೂಲ ಕ್ಯಾನ್ವಾಸ್ ಸುಮಾರು 76 ಸೆಂ.ಮೀ. ಎತ್ತರ, 100 ಸೆಂ.ಮೀ. ಅಗಲವಿದೆ, ನನ್ನದು 38 × 50. ನೋಡಿ ಬರೆಯಲು ನನ್ನ ಬಳಿ ಇರುವುದು ಅದರ ಡಿಜಿಟಲ್ ಪ್ರತಿ ಮಾತ್ರ.

ಮೊದಲ ವಾರ ಪೆನ್ಸಿಲ್ ರೇಖೆಗಳಲ್ಲೇ ಮುಗಿಯಿತು. ಹಿಂದೆ ಗೋಡೆಯಿಲ್ಲ, ಕೆಳಗೆ ನೆಲವಿಲ್ಲ. ಓರೆಯಾಗಿ ಜೋಡಿಸಿದ ಹಣ್ಣುಗಳೇ ಅಂಚಿನಿಂದ ಅಂಚಿಗೆ ತುಂಬಿಕೊಂಡಿವೆ.

ಎರಡನೇ ವಾರ ತಪ್ಪು ಮಾಡಿದೆ. ಟೊಮೆಟೊ, ಕಿತ್ತಳೆಗಳನ್ನು ಒಂದೊಂದಾಗಿ ಪೂರ್ತಿಗೊಳಿಸುತ್ತಾ ಹೋಗಿ, ಚಿತ್ರದಲ್ಲಿ ಅವುಗಳ ಸುತ್ತ ಹರಡಿರುವ ಕಾಗದವನ್ನು ಬರಿ ಬಿಳಿಯಾಗಿ ಉಳಿಸಿಕೊಂಡೆ. ಹಣ್ಣುಗಳು ಎಲ್ಲಿಯೂ ನೆಲೆ ನಿಲ್ಲದೆ ತೇಲತೊಡಗಿದವು. ಮತ್ತೆ ಮೂಲವನ್ನು ನಿಧಾನವಾಗಿ ನೋಡಿದಾಗ, ಆ ಸುಕ್ಕುಗಟ್ಟಿದ ಕಾಗದದಲ್ಲಿ ಶುದ್ಧ ಬಿಳಿ ಬಹಳ ಕಡಿಮೆಯೆಂದೂ, ಅದರ ಮಡಿಕೆಗಳ ನೆರಳಿನಲ್ಲಿ ನೀಲಿ ಛಾಯೆ ಹರಡಿದೆಯೆಂದೂ ತಿಳಿಯಿತು. ಕಿತ್ತಳೆಗೆ ನೀಲಿ ವಿರುದ್ಧ ಬಣ್ಣ; ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಇನ್ನೊಂದನ್ನು ಬೆಳಗಿಸುತ್ತದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಲ್ಲೇ ವಿವರಿಸಿದ್ದ ಈ ತತ್ವವನ್ನು ಓದಿ ಬಲ್ಲೆನಾದರೂ, ಕುಂಚ ಹಿಡಿದಾಗಷ್ಟೇ ಅದು ಮನಸ್ಸಿಗಿಳಿಯಿತು.

ಈ ವಾರ ಕಿತ್ತಳೆಗಳನ್ನು ಪ್ಯಾಲೆಟ್ ನೈಫಿನಿಂದ (ಬಣ್ಣ ಬೆರೆಸುವ ಚೂರಿಯಿಂದ) ಕೆರೆದು ತೆಗೆದು, ಅಲ್ಟ್ರಾಮರೀನ್ ನೀಲಿಗೆ ಬಿಳಿಯನ್ನೂ ತುಸು ಕೆಂಪನ್ನೂ ಬೆರೆಸಿ, ಕಾಗದವನ್ನೇ ಮೊದಲು ಬರೆದೆ. ಆಮೇಲೆ ಬಂದ ಹಣ್ಣುಗಳು ತಮ್ಮ ಗೂಡುಗಳಲ್ಲಿ ಭಾರವಾಗಿ ಕುಳಿತವು.

ಚಿತ್ರದ ಅರ್ಥವೂ ಆ ಕಾಗದದಲ್ಲೇ ಇದೆಯೆಂದು ಈಗ ನನಗೆ ಅನ್ನಿಸುತ್ತಿದೆ. ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಕಾರ ಷಾರ್ದಾನ್‌ನ ಸ್ಟಿಲ್ ಲೈಫ್‌ಗಳಲ್ಲಿ, ಅಂದರೆ ಜಡವಸ್ತುಗಳನ್ನು ಜೋಡಿಸಿಟ್ಟು ಬರೆದ ಚಿತ್ರಗಳಲ್ಲಿ, ಹಣ್ಣಿನ ಬಳಿ ಮನೆಯ ಪಾತ್ರೆಯೋ ಲೋಟವೋ ಇರುತ್ತದೆ. ಅದು ಮನೆಯವರು ತಿನ್ನುವ ಹಣ್ಣು. ಇಲ್ಲಿರುವುದು ಮಾರಾಟಕ್ಕಿಟ್ಟ ಸರಕು. ಬೀದಿಯಲ್ಲಿ ಹೋಗುತ್ತಿರುವವರ ಕಣ್ಣು ಹಿಡಿಯಲೆಂದು ಯಾರೋ ಕಾಗದ ಹರಡಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಿದ್ದಾರೆ. 1877ರಲ್ಲಿ ಮಳೆಯಲ್ಲಿ ತೊಯ್ದ ಪ್ಯಾರಿಸ್ ಬೀದಿಯನ್ನು ಬರೆದ ಕಾಯ್‌ಬೊಟ್‌ನ ಕಣ್ಣೇ ಇಲ್ಲಿ ಅಂಗಡಿಯೊಂದರ ಮುಂದೆ ನಿಂತಿದೆ. ಪಿತ್ರಾರ್ಜಿತ ಆಸ್ತಿಯಿದ್ದುದರಿಂದ ಕಾಯ್‌ಬೊಟ್‌ಗೆ ಚಿತ್ರ ಮಾರಿ ಬದುಕುವ ಅಗತ್ಯವಿರಲಿಲ್ಲ. ಗೆಳೆಯರ ಚಿತ್ರಗಳನ್ನು ಅವನೇ ಕೊಳ್ಳುತ್ತಿದ್ದ. ಅಂಥವನು ಹೆಸರಿಲ್ಲದ ವ್ಯಾಪಾರಿಯ ಕೈಚಳಕವನ್ನು ಇಷ್ಟು ಗೌರವದಿಂದ ನೋಡಿದ್ದು ನನಗೆ ಬಹಳ ಪ್ರಿಯವಾದ ಸಂಗತಿ.

ಅಂಜೂರಗಳು ಇನ್ನೂ ಬಾಕಿ ಇವೆ. ಅವುಗಳ ಕಡುನೇರಳೆಗೆ ಕಪ್ಪನ್ನು ಬೆರೆಸದೆ ಆಳ ತರಲು ಮುಂದಿನ ವಾರ ಪ್ರಯತ್ನಿಸುತ್ತೇನೆ.